ಕಂಪ್ಯೂಟರಿನೊಳಗಿನ ತೆಂಗಿನ ಮರ

ಬಿಳಿಗೆರೆಯ ಗಂಗಕ್ಕನ ತೋಟದಲ್ಲಿದ್ದ ಒಂದು ತೆಂಗಿನ ಮರ ವರ್ಷಕ್ಕೆ ಎರಡು ಸಾವಿರ ಕಾಯಿ ಬಿಡುತ್ತಿತ್ತು. ಕಾಯಿ ಕೀಳುವವನು ಬುತ್ತಿ ಕಟ್ಟಿಕೊಂಡೇ ಹತ್ತಬೇಕು. ಇಳಿಯುವ ಹೊತ್ತಿಗೆ ಅವನ ಗಡ್ಡ ಮಂಡಿ ಮುಟ್ಟಿರುತ್ತಿತ್ತು. ಆ ಮರದ ನೆರಳಿನ ತುದಿ ತಿಪಟೂರಿನ ಸಂತೆಯಲ್ಲಿ ಕೂತವರ ನೆತ್ತಿ ತಂಪು ಮಾಡುತ್ತಿತ್ತು. ಅದನ್ನು ಹತ್ತಿ ಇಳಿಯಬಲ್ಲ ಗಂಡು ಮೂರು ತಾಲ್ಲೂಕಿಗೆ ಒಬ್ಬನೇ, ರಂಗಪ್ಪ. ಆಹಾ, ಎಂಥ ರಂಗಪ್ಪ! ಅವನು ಹಾಕಿದ ಗಂಟನ್ನು ಅವನೇ ಬಿಚ್ಚಬೇಕು, ಇನ್ನೊಬ್ಬರಿಂದ ಆಗದು. ಇರಲಿ, ಅವನು ಆಮೇಲೆ ಬರುತ್ತಾನೆ. ಮೊದಲು ಬೆಟ್ಟಸ್ವಾಮಿ.

ತಿಪಟೂರಿನಲ್ಲಿ ತೆಂಗಿಗೆಂದೇ ಒಂದು ಸರ್ಕಾರಿ ಗ್ರಂಥಾಲಯವಿತ್ತು. ತೆಂಗಿನ ಬೇರು, ತೆಂಗಿನ ರೋಗ, ತೆಂಗಿನ ನಾರು, ಇಷ್ಟು ಬಿಟ್ಟರೆ ಬೇರೆ ವಿಷಯದ ಪುಸ್ತಕ ಅಲ್ಲಿ ಒಂದೂ ಇರಲಿಲ್ಲ. ಬೆಟ್ಟಸ್ವಾಮಿ ಅಲ್ಲಿ ಒಂಬತ್ತು ವರ್ಷದಿಂದ ಹಂಗಾಮಿ ಸಹಾಯಕ. ಹೆಂಡತಿ ದ್ರಾಕ್ಷಾಯಣಮ್ಮ ಸಿಟ್ಟು ಬಂದಾಗ ಗಂಡನನ್ನು ‘ಹಂಗಾಮಿ’ ಎಂದೇ ಕರೆಯುತ್ತಿದ್ದಳು. ಖಾಯಂ ಎಂಬ ಎರಡಕ್ಷರದ ಆದೇಶ ಒಂದು ಕೈಗೆ ಬಂದರೆ ಸಾಕು, ಇನ್ನೇನೂ ಬೇಡವೆಂದು ಅವನು ಒಂಬತ್ತು ವರ್ಷದಿಂದ ಕಾದಿದ್ದ.

ಎಂಬತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಆ ಗ್ರಂಥಾಲಯಕ್ಕೆ ಕಂಪ್ಯೂಟರ್ ಬಂತು. ಅದಕ್ಕೆ ಸೆಕೆಯಾಗಬಾರದೆಂದು ಕೋಣೆಗೆ ಏಸಿ ಹಾಕಿಸಿದರು, ನೆಲಕ್ಕೆ ಜಮಖಾನ ಹಾಸಿದರು. ಹೊರಗೆ ತಿಪಟೂರು ಕೊಬ್ಬರಿಯ ಹಾಗೆ ಒಣಗುತ್ತಿದ್ದರೆ ಒಳಗೆ ಮಾರ್ಗಶಿರ ಮಾಸ. ಮಧ್ಯಾಹ್ನ ಮುದ್ದೆ ಉಂಡು ಆ ಕೋಣೆಗೆ ಹೋದರೆ ಯಂತ್ರ ಜೇನಿನ ಹಾಗೆ ಗುಂಯ್‌ಗುಡುತ್ತಿತ್ತು, ಪರದೆಯ ಹಸಿರು ಬೆಳಕು ಕೆರೆಯ ನೀರಿನ ಹಾಗೆ ಗೋಡೆಯ ಮೇಲೆ ತೇಲುತ್ತಿತ್ತು. ಬೆಟ್ಟಸ್ವಾಮಿಗೆ ಕಣ್ಣು ಎಳೆದುಕೊಂಡು ಹೋಗುತ್ತಿತ್ತು.

ಮೇಲಿನ ಕಚೇರಿಯಿಂದ ಒಂದು ನಮೂನೆ ಬಂದಿತ್ತು: ಸೀಮೆಯ ವಿಶೇಷ ಮರಗಳ ವಿವರ ತುಂಬಿ ಕಳಿಸಿ. ನಾನೂರ ಹದಿನಾರು ಮರ ತುಂಬುವಷ್ಟರಲ್ಲಿ ಬೆಟ್ಟಸ್ವಾಮಿ ಅರ್ಧ ನಿದ್ದೆಗೆ ಜಾರಿದ. ಕನಸಿನಲ್ಲಿ ಗಂಗಕ್ಕನ ತೋಟ. ಅಲ್ಲೊಂದು ಮರ, ಆಕಾಶಕ್ಕೆ ಚಪ್ಪರ ಹಾಕಿದ ಹಾಗೆ. ನಕ್ಷತ್ರ ಯಾವುದು, ಕಾಯಿ ಯಾವುದು ತಿಳಿಯದು. ಎಚ್ಚರವೋ ಕನಸೋ ಎಂಬಂತೆ ಅವನ ಕೈ ನಾನೂರ ಹದಿನೇಳನೇ ಸಾಲು ತುಂಬಿತು: ‘ಗಂಗಕ್ಕ, ಬಿಳಿಗೆರೆ. ವರ್ಷಕ್ಕೆ ಎಂಟುನೂರು ಕಾಯಿ. ಮಾಹಿತಿ ಕೊಟ್ಟವರು: ಬೆಟ್ಟಸ್ವಾಮಿ, ಖಾಯಂ ಗ್ರಂಥಪಾಲಕರು.’ ಕನಸಿನಲ್ಲಿ ಕಾಯಿಗೆ ಬರವಿಲ್ಲದ ಮೇಲೆ ಹುದ್ದೆಗೆ ಯಾಕೆ ಬರ?

ಆ ಸಾಲು ಕಪ್ಪು ಹಪ್ಪಳದಂಥ ಫ್ಲಾಪಿಯ ಮೇಲೆ ಕೂತು, ಕಂಡಕ್ಟರನ ಚೀಲದಲ್ಲಿ ಬೆಂಗಳೂರಿಗೆ ಹೋಯಿತು.

ಮುಂದಿನ ತಿಂಗಳು ಒಂದು ಬೆಳಗ್ಗೆ ಕಂಪ್ಯೂಟರ್ ನೋಡಿಕೊಳ್ಳುವ ಗಿರಿಜಾಂಬಿಕಾ ಫೋನ್ ಇಟ್ಟು ಓಡಿ ಬಂದಳು.

“ಸಾರ್, ಡೈರೆಕ್ಟರ್ ಸಾಹೇಬರು ಮಧ್ಯಾಹ್ನ ಬರ್ತಾರಂತೆ. ನಾನೂರ ಹದಿನೇಳನೇ ಮರ ನೋಡ್ಬೇಕಂತೆ. ನಿಮ್ಮನ್ನ ಖಾಯಂ ಮಾಡೋ ಫೈಲೂ ಜೊತೆಗೇ ತರ್ತಾರಂತೆ!”

ಬೆಟ್ಟಸ್ವಾಮಿಗೆ ಒಂದು ಕಿವಿಯಲ್ಲಿ ಮಂಗಳವಾದ್ಯ ಕೇಳಿಸಿತು, ಇನ್ನೊಂದರಲ್ಲಿ ಗುಡುಗು.

“ಆ ಸಾಲು ಅಳಿಸಿಬಿಡಮ್ಮಾ.”

“ಇಲ್ಲಿ ಅಳಿಸಿದ್ರೆ ಇಲ್ಲಿಂದ ಹೋಗುತ್ತೆ. ಬೆಂಗಳೂರಲ್ಲಿರೋದು ಅಲ್ಲೇ ಇರುತ್ತಲ್ಲ ಸಾರ್.”

“ಗಾಳಿಗೆ ಮರ ಬಿತ್ತು ಅಂತ ಹಾಕು!”

“ಬಿದ್ದ ಮರಕ್ಕೆ ಬೇರೆ ನಮೂನೆ. ಅದಕ್ಕೂ ಸಾಹೇಬರದೇ ಸಹಿ ಬೇಕು.”

ಬೆಟ್ಟಸ್ವಾಮಿ ಸೈಕಲ್ ಹತ್ತಿದ. ಅವತ್ತು ಅವನು ತುಳಿದ ವೇಗಕ್ಕೆ ಎರಡು ಬಸ್ಸುಗಳು ನಾಚಿ ಪಕ್ಕಕ್ಕೆ ನಿಂತವು.

ಗಂಗಕ್ಕ ತೋಟದಲ್ಲಿ ಗರಿ ಒಟ್ಟುತ್ತಿದ್ದಳು.

“ಗಂಗಕ್ಕಾ, ನಿನ್ ಮರ ವರ್ಷಕ್ಕೆ ಎಂಟುನೂರು ಕಾಯಿ ಬಿಡ್ತದೆ.”

“ಯಾವತ್ನಿಂದಪ್ಪಾ?”

“ಹೋದ ತಿಂಗಳಿಂದ.”

ವಿಷಯವೆಲ್ಲ ಕೇಳಿ ಗಂಗಕ್ಕ ಮೊದಲು ನಕ್ಕಳು, ಆಮೇಲೆ ಮರುಗಿದಳು. “ಒಂಬತ್ತು ವರ್ಷ ಕಾದಿದೀಯ. ಮರ ಬಿಡ್ದಿದ್ರೆ ನಾವೇ ಬಿಡ್ಸಾನ ಬುಡು,” ಎಂದು ಪಕ್ಕದ ತೋಟಗಳಿಗೆ ಕೂಗು ಹಾಕಿದಳು. ಎಲ್ಲರ ತೋಟದಿಂದಲೂ ಗೊನೆ ಇಳಿಸಿ ಈ ಒಂದೇ ಮರಕ್ಕೆ ಕಟ್ಟುವುದು, ಸಾಹೇಬರು ಹೋದ ಮೇಲೆ ಬಿಚ್ಚಿ ಹಿಂದಿರುಗಿಸುವುದು ಎಂದಾಯಿತು.

ಶಂಭುಲಿಂಗಯ್ಯ ತನ್ನ ಗೊನೆಯನ್ನು ಮಗುವಿನಂತೆ ಎತ್ತಿಕೊಂಡು ಬಂದ. “ನನ್ ಗೊನೆ ನಂಗೇ ಬರ್ಬೇಕು ಕಣಪ್ಪ. ಸಂಜೆ ಭೈರಮ್ಮನ ಜಳ್ಳು ಕಾಯಿ ತಂದು ನನ್ ತಲೆಗೆ ಕಟ್ಬ್ಯಾಡ.”

“ಯಾರ್ದು ಜಳ್ಳು?” ಭೈರಮ್ಮ ಸೆರಗು ಸಿಕ್ಕಿಸಿದಳು. “ನಿಮ್ ಕಾಯಿ ಅಲ್ಲಾಡ್ಸಿದ್ರೆ ನಿಮ್ ತಲೆ ಅಲ್ಲಾಡ್ಸಿದಂಗೇ ಸದ್ದು ಬತ್ತದೆ!”

ಜಗಳ ಬಿಡಿಸಲು ಬೆಟ್ಟಸ್ವಾಮಿಗೆ ತಿಳಿದಿದ್ದು ಒಂದೇ ವಿದ್ಯೆ. ಚೀಲದಿಂದ ಗ್ರಂಥಾಲಯದ ಕಾರ್ಡುಗಳನ್ನು ತೆಗೆದ. ಒಂದೊಂದು ಗೊನೆಗೆ ಒಂದೊಂದು ಕಾರ್ಡು: ಯಜಮಾನರ ಹೆಸರು, ಕಾಯಿಯ ಸಂಖ್ಯೆ, ಹಿಂದಿರುಗಿಸುವ ದಿನ. ಕೊನೆಗೆ ಗ್ರಂಥಾಲಯದ ಮೊಹರನ್ನೂ ಒತ್ತಿದ. ಒಂಬತ್ತು ವರ್ಷದ ಕೈ, ಸುಮ್ಮನಿರುವುದಿಲ್ಲ.

ಆಗ ಬಂದ ರಂಗಪ್ಪ. ಹತ್ತಿದ ಎನ್ನುವುದಕ್ಕಿಂತ ಮರವೇ ಅವನನ್ನು ಎತ್ತಿಕೊಂಡಿತು ಎನ್ನಬೇಕು. ಕೆಳಗಿನಿಂದ ಹಗ್ಗದಲ್ಲಿ ಏರಿ ಬಂದ ಮೂವತ್ತು ಗೊನೆಗಳನ್ನು ಮೂವತ್ತು ಚಿಟಿಕೆಯಲ್ಲಿ ಕಟ್ಟಿದ. ಮರ ಮದುವೆ ಹೆಣ್ಣಿನ ಹಾಗೆ ತಲೆ ಬಾಗಿಸಿತು. ಕೊನೆಯ ಗಂಟು ಬಿಗಿಯುವುದಕ್ಕೂ ತೋಟದ ಬದುವಿನಲ್ಲಿ ಜೀಪು ಕಾಣಿಸುವುದಕ್ಕೂ ಸರಿಹೋಯಿತು. ಇಳಿಯಲು ಹೊತ್ತಿಲ್ಲ. ರಂಗಪ್ಪ ಗರಿಗಳ ನಡುವೆ ಅಡಗಿ ಕುಳಿತ. ಕೆಳಗಿದ್ದವರು ಬೇಲಿಯಾಚೆ ಸರಿದರು.

ಡೈರೆಕ್ಟರ್ ಶ್ರೀರಂಗಯ್ಯನವರು ದುಂಡಗೆ, ಮೆತ್ತಗೆ, ಆಗ ತಾನೆ ಹಬೆಯಿಂದ ಇಳಿಸಿದ ಇಡ್ಲಿಯಂತಿದ್ದರು. ತಲೆಯೆತ್ತಿ ನೋಡಿದರು. ಬೆರಳು ಮಡಿಸುತ್ತ ನೂರ ನಲವತ್ತರವರೆಗೆ ಎಣಿಸಿದರು. ಕತ್ತು ನೋವು ಬಂತು.

“ಅಬ್ಬಾ! ಸ್ವಲ್ಪ ಕೂತ್ಕೊಂಡು ಎಣಿಸೋಣವೇನಪ್ಪಾ?”

ಗಂಗಕ್ಕ ಮೂರು ಎಳನೀರು ಕೊಟ್ಟಳು, ಚಾಪೆ ಹಾಸಿದಳು. ಕೂತ ಸಾಹೇಬರು ಒರಗಿದರು, ಒರಗಿದವರು ಮಲಗಿದರು, ಸರಿಯಾಗಿ ಶಂಭುಲಿಂಗಯ್ಯನ ಗೊನೆಯ ಕೆಳಗೆ. ಬಿಸಿಲು ಗರಿಗಳ ಸಂದಿಯಿಂದ ಸೋಸಿ ಅವರ ಹೊಟ್ಟೆಯ ಮೇಲೆ ರಂಗೋಲಿ ಬಿಡಿಸಿತು. ದೂರದಲ್ಲಿ ಯಾರದೋ ಪಂಪ್‌ಸೆಟ್ಟು ಟುಕುಟುಕು ಎನ್ನುತ್ತಿತ್ತು. ಇಡೀ ತೋಟ ನೀರಿನಡಿ ಮುಳುಗಿದಂತೆ ಮಂಪರಿಗೆ ಜಾರಿತು. ಎಚ್ಚರವಿದ್ದವನು ಬೆಟ್ಟಸ್ವಾಮಿ ಒಬ್ಬನೇ. ಎಬ್ಬಿಸಿದರೆ ಸಾಹೇಬರಿಗೆ ಸಿಟ್ಟು, ಬಿಟ್ಟರೆ ಅವರ ತಲೆಗೆ ಕಾಯಿ. ಅವರ ಕೈಚೀಲದ ಬಾಯಿಂದ ತನ್ನ ಫೈಲಿನ ಕೆಂಪು ದಾರ ಇಣುಕುತ್ತಿತ್ತು. ಅವನು ಒಮ್ಮೆ ದಾರ ನೋಡಿದ, ಒಮ್ಮೆ ಗೊನೆ ನೋಡಿದ. ಕೊನೆಗೆ ಚಾಪೆಯ ತುದಿ ಹಿಡಿದು, ತೊಟ್ಟಿಲು ಜರುಗಿಸುವಂತೆ ಮೆಲ್ಲಗೆ ಎಳೆಯತೊಡಗಿದ. ಒಂದು ಮೊಳ ಬಂತು. ಎರಡು ಮೊಳ ಬಂತು.

ಆಗ ಬೀಸಿತು ನೋಡಿ ಗಾಳಿ! ನೂರು ವರ್ಷಕ್ಕೊಮ್ಮೆ ಬೀಸುವಂಥ ಗಾಳಿ. ಧೊಪ್ಪೆಂದು ಗೊನೆ ಬಿತ್ತು, ಸಾಹೇಬರ ತಲೆ ಈಗಷ್ಟೇ ಇದ್ದ ಜಾಗಕ್ಕೆ.

ಶ್ರೀರಂಗಯ್ಯ ಎದ್ದು ಕೂತರು. ಎದುರಿಗೇ ಕಾರ್ಡು. ಕನ್ನಡಕ ಹಾಕಿಕೊಂಡು ಓದಿದರು: “ಶಂಭುಲಿಂಗಯ್ಯ. ಹದಿನಾಲ್ಕು ಕಾಯಿ. ಹಿಂದಿರುಗಿಸುವ ದಿನ, ಇವತ್ತು.” ಮೊಹರನ್ನೂ ಓದಿದರು. ಮರವನ್ನು ನೋಡಿದರು. ಬೆಟ್ಟಸ್ವಾಮಿಯನ್ನು ನೋಡಿದರು.

ಬೆಟ್ಟಸ್ವಾಮಿ ಕೈ ಮುಗಿದ. “ತಪ್ಪಾಯ್ತು ಸಾರ್. ಅದು ಕನಸಲ್ಲಿ ಕಂಡ ಮರ.”

“ಮೆತ್ತಗೆ ಮಾತಾಡಯ್ಯಾ!” ಸಾಹೇಬರು ಸುತ್ತ ನೋಡಿ ಕಾರ್ಡನ್ನು ಜೇಬಿಗೆ ತುರುಕಿದರು. “ಈ ಮರದ ಸಾಲು ತೋರಿಸಿ, ನಮ್ಮ ಮಾಹಿತಿ ಸೇವೆ ಹೇಗಿದೆ ನೋಡಿ ಅಂತ ದೆಹಲಿಯಲ್ಲಿ ಭಾಷಣ ಮಾಡಿದೀನಿ. ನಾಲ್ಕು ಕಂಪ್ಯೂಟರ್ ಮಂಜೂರಾಗಿದೆ. ಈ ಮರ ಬಿದ್ರೆ ನಾಲ್ಕೂ ಬೀಳ್ತವೆ, ಅದರ ಕೆಳಗೆ ನಾನೂ. ಈ ಸಾಲು ನಿಜ. ಅಕ್ಷರ ಅಕ್ಷರವೂ ನಿಜ. ತಿಳೀತಾ?”

ಬೆಟ್ಟಸ್ವಾಮಿಗೆ ಹೋದ ಜೀವ ಬಂತು. “ತಿಳೀತು ಸಾರ್. ಹಾಗಾದ್ರೆ ನನ್ನ ಖಾಯಂ ಆರ್ಡರು...”

ಸಾಹೇಬರು ಫೈಲು ಬಿಚ್ಚಿ, ಒಳಗಿಟ್ಟಿದ್ದ ಕಂಪ್ಯೂಟರ್ ಹಾಳೆಯನ್ನು ಮುಂದೆ ಹಿಡಿದರು. “ಅದನ್ನೇ ಕೇಳೋಣ ಅಂತಿದ್ದೆ. ಇಲ್ಲಿ ನೋಡು, ‘ಬೆಟ್ಟಸ್ವಾಮಿ, ಖಾಯಂ ಗ್ರಂಥಪಾಲಕರು.’ ಖಾಯಂ ಆಗಿರೋನನ್ನ ಇನ್ನೊಂದು ಸಲ ಹೇಗಪ್ಪಾ ಖಾಯಂ ಮಾಡ್ಲಿ?”

“ಅದೊಂದು ಸುಳ್ಳು ಸಾರ್!”

“ಅದೊಂದು ಸುಳ್ಳಾದ್ರೆ ಮರವೂ ಸುಳ್ಳು. ಒಂದೇ ಸಾಲಲ್ಲವೇ?”

ಜೀಪು ಹೋಯಿತು, ಫೈಲೂ ಅದರೊಳಗೇ ಹೋಯಿತು. ಕಂಪ್ಯೂಟರಿನಲ್ಲಿ ಖಾಯಂ ಆದ ಬೆಟ್ಟಸ್ವಾಮಿ ಮನೆಯಲ್ಲಿ ಹಂಗಾಮಿಯಾಗಿಯೇ ಉಳಿದ. ದೊಡ್ಡವರು ಮರ ನೋಡಲು ಬಂದಾಗಲೆಲ್ಲ ಕಾರ್ಡು ಬರೆಯುವ ಕೆಲಸ ಒಂದು ಮಾತ್ರ ಅವನಿಗೆ ಖಾಯಂ ಆಯಿತು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಜಗಲಿಯ ಮೇಲೆ ಕೂತು ಇಷ್ಟೂ ಕೇಳಿಸಿಕೊಂಡ ಗಂಗಕ್ಕ ಕೆಮ್ಮಿದಳು. “ಅವತ್ತು ಗಾಳಿ ಎಲ್ಲಿತ್ಲಾ ರಂಗಪ್ಪ? ಒಂದು ಗರಿ ಅಲ್ಲಾಡಿದ್ದು ನಾನು ಕಾಣೆ.”

ಸಿಕ್ಕಿಬಿದ್ದ ಮೇಲೆ ಮುಚ್ಚಿಡುವುದೇನು? ಆ ರಂಗಪ್ಪ ನಾನೇ. ಮರ ಎರಡು ಸಾವಿರವೂ ಬಿಡುತ್ತಿರಲಿಲ್ಲ, ಎಂಟುನೂರೂ ಇಲ್ಲ. ಒಳ್ಳೆಯ ವರ್ಷದಲ್ಲಿ ಎಂಬತ್ತು. ಗಾಳಿ ಬೀಸಲಿಲ್ಲ. ಮೇಲೆ ತಂಪಾಗಿತ್ತು, ಕೆಳಗಿನಿಂದ ಸಾಹೇಬರ ಗೊರಕೆ ಜೋಗುಳದಂತೆ ಏರಿ ಬರುತ್ತಿತ್ತು. ನನಗೂ ನಿದ್ದೆ ಹತ್ತಿ, ಕಾಲು ಚಾಚಿದೆ. ನಾನು ಹಾಕಿದ ಗಂಟನ್ನು ನಾನೇ ಬಿಚ್ಚಬೇಕು ಎಂದದ್ದು ಮಾತ್ರ ಸುಳ್ಳಲ್ಲ. ನಾನೇ ಬಿಚ್ಚಿದ್ದು, ಹಿಮ್ಮಡಿಯಿಂದ.