ಸಾಲ್ವುವಿನ ದ್ವೀಪ ಪ್ರದಕ್ಷಿಣೆ

"ದ್ವೀಪ ಸುತ್ತೋದಕ್ಕೆ ಬಲಗಡೆಯಿಂದ ಹೊರಡೋದು ವಾಸಿಯೋ, ಎಡಗಡೆಯಿಂದಲೋ?"

ಸಾಲ್ವು ಕೇಳಿದ್ದು ಇಷ್ಟೇ. ಭಾನುವಾರ ಬೆಳಿಗ್ಗೆ, ಇಗರ್ಜಿಯ ಪೂಜೆ ಮುಗಿಸಿಕೊಂಡು, ಚೌಕದ ಚಹಾ ಅಂಗಡಿಯಲ್ಲಿ ಮಾಲ್ಟಾದ ಪಕ್ಕದ ತಮ್ಮ ಗೋಝೋ ದ್ವೀಪದ ನಕ್ಷೆ ಹರಡಿಕೊಂಡು ಕೂತು ಕೇಳಿದ. ಒಬ್ಬರೂ ತಲೆ ಎತ್ತಲಿಲ್ಲ. ಅಂಗಡಿಯವನು ಮಾತ್ರ ಬಟಾಣಿ ತುಂಬಿದ ಬಿಸಿ ಕಡುಬು ಪಸ್ತಿತ್ಸಿಯ ತಟ್ಟೆಯನ್ನು ನಕ್ಷೆಯ ಮೇಲೇ ಇಟ್ಟು, ಉತ್ತರ ಕರಾವಳಿಗೆ ಎಣ್ಣೆ ಹತ್ತಿಸಿ, "ಯಾವ ಕಡೆ ಹೋದ್ರೂ ಅದೇ ಸಮುದ್ರ ಕಣಯ್ಯಾ" ಎಂದ.

ಗೋಝೋ ಎಷ್ಟು ದೊಡ್ಡದೆಂದರೆ, ಈ ತುದಿಯಲ್ಲಿ ನಿಂತು ಸೀನಿದರೆ ಆ ತುದಿಯವರು "ಚಿರಾಯು" ಎನ್ನಬಹುದು. ಇಂಥ ದ್ವೀಪವನ್ನು ಸುತ್ತಲು ಸಾಲ್ವು ಇಪ್ಪತ್ತೈದು ವರ್ಷಗಳಿಂದ ಯೋಜನೆ ಹಾಕುತ್ತಿದ್ದ. ಪಡುವಣದ ಕಡಿಬಂಡೆಯ ಮೇಲೆ ಕೂತು ಇಬ್ಬರೇ ಸೂರ್ಯ ಮುಳುಗುವುದನ್ನು ನೋಡೋಣ ಎಂದು ಮದುವೆಯ ದಿನವೇ ಹೆಂಡತಿ ಚೆನ್ಸಾಳಿಗೆ ಮಾತು ಕೊಟ್ಟಿದ್ದ. ಪ್ರತಿ ವಾರ್ಷಿಕೋತ್ಸವಕ್ಕೂ ನಕ್ಷೆ ಬಿಚ್ಚುವುದು, ಎಲ್ಲಿ ಊಟ, ಎಲ್ಲಿ ಚಹಾ, ಎಲ್ಲಿ ನೆರಳು ಎಂದು ಗುರುತು ಹಾಕುವುದು. ಅಷ್ಟರಲ್ಲಿ ಗಾಳಿ ಏಳುವುದು, ಇಲ್ಲವೇ ಟೈರು ಕೂರುವುದು. ನಕ್ಷೆ ಮತ್ತೆ ಮಡಿಕೆ.

ಇಂದು ಇಪ್ಪತ್ತೈದನೆಯದು. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಚೆನ್ಸಾ ಹೇಳಿದ್ದಳು: "ಇವತ್ತು ಸೂರ್ಯ ಮುಳುಗೋವಾಗ ನಾವಿಬ್ರೂ ಆ ಬಂಡೆ ಮೇಲಿರ್ಬೇಕು. ಇಲ್ದಿದ್ರೆ ನಾಳೆ ನಿಮ್ಮ ಕ್ಲಾರಿನೆಟ್ಟು ಹುರುಳಿಕಾಯಿ ಬಳ್ಳಿಗೆ ಊರುಗೋಲು."

ಆ ಕ್ಲಾರಿನೆಟ್ಟು ಸಾಲ್ವುವಿನ ಜೀವ. ಅವನು ಸಂತ ರೋಕು ವಾದ್ಯ ಸಂಘದವನು. ಊರಲ್ಲಿ ಇನ್ನೊಂದು ವಾದ್ಯ ಸಂಘವಿತ್ತು, ಸಂತ ಬಾರ್ಬರಾಳದು. ಚೆನ್ಸಾಳ ತವರು ಅದು, ಅವಳಣ್ಣ ಬೆರ್ತು ಅದರ ಅಧ್ಯಕ್ಷ. ಹಬ್ಬದ ದಿನ ರೋಕುವಿನ ಮೆರವಣಿಗೆ ಚೌಕದಿಂದ ಬಲಕ್ಕೆ ತಿರುಗಿದರೆ, ಬಾರ್ಬರಾಳದು ಎಡಕ್ಕೆ. ಯಾಕೆ ಎಂದು ಕೇಳಿದವರಿಗೆ ಎರಡೂ ಕಡೆಯವರು ಇನ್ನೊಬ್ಬರ ಮೂರ್ಖತನವನ್ನೇ ಕಾರಣವಾಗಿ ಹೇಳುತ್ತಿದ್ದರು.

ಅರ್ಧ ಗಂಟೆಯಲ್ಲಿ ಚಹಾ ಅಂಗಡಿಯ ಬಾಗಿಲು ದಢಾರೆಂದಿತು. ರೋಕು ಸಂಘದ ಅಧ್ಯಕ್ಷ ನಿನು, ಉಬ್ಬಿದ ಟೊಮ್ಯಾಟೊ ಹಣ್ಣಿನಂತಿದ್ದ.

"ಸಾಲ್ವೂ! ಬಾರ್ಬರಾದೋರು ನಿನ್ನ ಎಡಗಡೆಯಿಂದ ದ್ವೀಪ ಸುತ್ತಿಸ್ತಾರಂತೆ? ನಮ್ಮ ಕ್ಲಾರಿನೆಟ್ಟಿನೋನು ಅಪ್ರದಕ್ಷಿಣೆ ಹಾಕೋದಾ?"

"ಯಾರು ಹೇಳಿದ್ದು? ನಾನಿನ್ನೂ…"

ಹಿಂದೆಯೇ ಬೆರ್ತು. "ಏನ್ ಭಾವಾ, ನನ್ನ ತಂಗೀನ ರೋಕು ಕಡೆಯೋರು ಬಲಗಡೆಯಿಂದ ಎಳ್ಕೊಂಡು ಹೋಗ್ತಾರಂತೆ?"

"ಅಯ್ಯೋ, ಯಾರಪ್ಪಾ ಹೇಳಿದ್ದು ನಿಂಗೆ?"

"ಯಾರಾದ್ರೂ ಹೇಳ್ಲಿ! ಅವಳು ಹುಟ್ಟಿದ್ದು ಎಡಗಡೆಗೆ!"

"ಅವಳ ಗಂಡ ಹುಟ್ಟಿದ್ದು ಬಲಗಡೆಗೆ!" ಎಂದ ನಿನು.

ಒಂದು ಕಡೆ ಬಲವಂತ, ಇನ್ನೊಂದು ಕಡೆ ಎಡವಟ್ಟು. ನಡುವೆ ಸಾಲ್ವು ಪಸ್ತಿತ್ಸಿಯೊಳಗಿನ ಬಟಾಣಿಯಂತೆ ನುಜ್ಜುಗುಜ್ಜಾದ. "ನಾವಿಬ್ರೇ ಸುಮ್ನೆ…" ಎಂದು ಬಾಯಿ ತೆರೆದ. "ಸುಮ್ನಿರು, ಇದು ನಿನ್ನ ವಿಷಯ ಅಲ್ಲ" ಎಂದರು ಇಬ್ಬರೂ, ನಲವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಒಮ್ಮತದಿಂದ.

ಮಧ್ಯಾಹ್ನದ ಹೊತ್ತಿಗೆ ರೋಕುವಿನವರು ಒಂದು ಬಸ್ಸು ಗೊತ್ತು ಮಾಡಿದರು. ಸುದ್ದಿ ತಿಳಿದ ಬಾರ್ಬರಾದವರು ಅದಕ್ಕಿಂತ ಒಂದು ಮೊಳ ಉದ್ದದ ಬಸ್ಸು ತಂದರು. ಕುರಿಹಾಲಿನ ಗಿಣ್ಣು, ಉಪ್ಪಿಗೆ ಹಾಕಿದ ಕೇಪರ್ ಮೊಗ್ಗು ತುಂಬಿದ ರೊಟ್ಟಿಗಳ ಬುಟ್ಟಿ ಏರಿತು. ಬಾವುಟ ಏರಿತು. ಡೋಲು ಏರಿತು. ಬರಲಾರೆ ಎಂದು ಮುಲುಗುತ್ತಿದ್ದ ಎಂಬತ್ತರ ಅಜ್ಜಿಯನ್ನು, ಎದುರು ಪಕ್ಷದ ಅಜ್ಜಿ ಹೊರಟಿದ್ದಾಳೆಂದು ಹೇಳಿ ಏರಿಸಿದರು.

ಸಾಲ್ವು ಹಿತ್ತಿಲ ದಾರಿಯಲ್ಲಿ ನುಸುಳಿ ತನ್ನ ಪುಟ್ಟ ಕಾರಿನ ಹತ್ತಿರ ಬಂದ. ಕಾರಿನ ಮೂತಿಗೆ ಒಂದು ಬಸ್ಸು ಮುತ್ತಿಡುತ್ತಿತ್ತು, ಹಿಂಭಾಗಕ್ಕೆ ಇನ್ನೊಂದು.

"ಇದೇನೇ ಗತಿ ಚೆನ್ಸಾ?"

ಚೆನ್ಸಾ ನೀಲಿ ಉಡುಪು ತೊಟ್ಟು, ಟೋಪಿ ಏರಿಸಿ ನಿಂತಿದ್ದಳು. "ನಂಗೇನ್ ಗೊತ್ತು ರೀ? ಅಣ್ಣ ಕಿಟಕಿ ಪಕ್ಕದ ಸೀಟು ಹಿಡಿದಿದಾನೆ" ಎಂದು ಬಾರ್ಬರಾ ಬಸ್ಸನ್ನು ಹತ್ತಿಯೇಬಿಟ್ಟಳು. ಸಾಲ್ವುವನ್ನು ನಾಲ್ಕು ಜನ ಕ್ಲಾರಿನೆಟ್ಟಿನ ಸಮೇತ ರೋಕು ಬಸ್ಸಿಗೆ ತುಂಬಿದರು.

ಇಗರ್ಜಿಯ ಗಂಟೆ ಐದು ಹೊಡೆದದ್ದೇ ತಡ, ಒಂದು ಬಸ್ಸು ಬಲಕ್ಕೆ, ಇನ್ನೊಂದು ಎಡಕ್ಕೆ. ಬೆಳ್ಳಿಹಬ್ಬದ ದಂಪತಿ ಹೀಗೆ ಬೆನ್ನಿಗೆ ಬೆನ್ನು ಹಾಕಿ ವಿಹಾರಕ್ಕೆ ಹೊರಟರು.

ದಾರಿಯಲ್ಲಿ ಬರುವ ಕೊಲ್ಲಿಗೊಂದು ಹಾಡು, ಕೋಟೆಗೊಂದು ಹಾಡು. ನುಡಿಸುತ್ತ ನುಡಿಸುತ್ತ ಸಾಲ್ವು ಲೆಕ್ಕ ಹಾಕಿದ. ಎರಡೂ ಬಸ್ಸು ಎಲ್ಲೋ ಒಂದು ಕಡೆ ಎದುರಾಗಲೇಬೇಕು. ಆಗ ಎರಡು ಸೆಕೆಂಡು ಹೆಂಡತಿಯ ಮುಖ ಕಾಣುತ್ತದೆ. ಅವನು ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಂಡ.

ಎದುರಾದವು. ಅದೂ ಪಡುವಣದ ಕಡಿಬಂಡೆಯ ಪಕ್ಕದ ಓಣಿಯಲ್ಲಿ. ಎರಡೂ ಬದಿಗೆ ಕಲ್ಲಿನ ಗೋಡೆ, ಆಡು ಕೂಡ ಉಸಿರು ಬಿಗಿಹಿಡಿದು ದಾಟಬೇಕಾದ ದಾರಿ. ಮೂತಿಗೆ ಮೂತಿ ತಾಗಿಸಿ ನಿಂತವು.

"ಹಿಂದಕ್ಕೆ ತಗೊಳ್ರೋ!" ನಿನು ಕಿಟಕಿಯಿಂದ ಅರ್ಧ ಹೊರಗೆ ಬಂದ.

"ಸಂತ ಬಾರ್ಬರಾ ಹಿಂದೆ ಹೆಜ್ಜೆ ಇಟ್ಟೋಳಲ್ಲ! ನೀವೇ ಸರೀರಿ, ಹಿಂದೆ ಬೀಳೋದು ನಿಮಗೆ ಅಭ್ಯಾಸ!" ಎಂದು ಕೂಗಿದ ಬೆರ್ತು.

"ಹೋದ ವರ್ಷ ನಿಮ್ಮ ಡೋಲು ಒಡೆದಾಗ ನೋಡಿದೀವಿ ಬಿಡೋ ನಿಮ್ಮ ಶೌರ್ಯ!"

ಎರಡು ವಾದ್ಯಮೇಳಗಳೂ ಏಕಕಾಲಕ್ಕೆ ಬಾರಿಸತೊಡಗಿದವು. ಬಂಡೆಯ ಮೇಲಿದ್ದ ಕಡಲಹಕ್ಕಿಗಳೆಲ್ಲ ಮಾಲ್ಟಾದ ಕಡೆ ಹಾರಿಹೋದವು. ಸೂರ್ಯ ನೀರಿನಿಂದ ಎರಡು ಗೇಣು ಮೇಲಿದ್ದ. ಸಾಲ್ವುವಿಗೆ ಕ್ಲಾರಿನೆಟ್ಟಿನ ಮೇಲೆ ಹುರುಳಿಕಾಯಿ ಬಳ್ಳಿ ಹಬ್ಬುತ್ತಿರುವುದು ಕಣ್ಣಿಗೆ ಕಟ್ಟಿತು.

ಆಗ ಬಾರ್ಬರಾ ಬಸ್ಸಿನಿಂದ ಚೆನ್ಸಾ ಇಳಿದಳು.

"ಅಣ್ಣಾ, ನಿನು ಮಾವಾ, ಸ್ವಲ್ಪ ಆ ಡೋಲು ನಿಲ್ಲಿಸ್ತೀರಾ? ಹಿಂದೆ ಹೋಗ್ಬಾರ್ದು ಅಂತಿರೋದು ಜನಾನಾ, ಬಸ್ಸಾ?"

"ಜನ!" ಎಂದರು ಇಬ್ಬರೂ.

"ಹಾಗಾದ್ರೆ ಆ ಬಸ್ಸಿನೋರು ಈ ಬಸ್ಸಿಗೆ ಹತ್ಲಿ, ಈ ಬಸ್ಸಿನೋರು ಆ ಬಸ್ಸಿಗೆ. ಬಸ್ಸುಗಳು ಹಿಂದಕ್ಕೆ ಹೋಗ್ಲಿ. ನೀವು ನೀವು ಹೊರಟ ಕಡೆಗೇ ಹೋಗ್ತೀರ!"

ನಿನು ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದು ನೋಡಿದ. ಬೆರ್ತು ಟೋಪಿ ತೆಗೆದು ನೆತ್ತಿ ಕೆರೆದುಕೊಂಡ. ಮೋಸವೆಲ್ಲೂ ಸಿಗಲಿಲ್ಲ. ಮರುಕ್ಷಣ ಓಣಿಯಲ್ಲಿ ಡೋಲು, ಬುಟ್ಟಿ, ಬಾವುಟ, ಅಜ್ಜಿಯರ ಅದಲುಬದಲು ನಡೆಯಿತು. ಆ ಗದ್ದಲದಲ್ಲಿ ತಲೆ ಎಣಿಸಿದವರಿಲ್ಲ. ಸಾಲ್ವು ಹೆಂಡತಿಯ ಕೈ ಹಿಡಿದು ಗೋಡೆಯ ಹಿಂದೆ ಬಗ್ಗಿದ. ಬಸ್ಸುಗಳು ಮುಖ ಹಿಂದಕ್ಕೆ, ಪಯಣ ಮುಂದಕ್ಕೆ ಎಂಬಂತೆ ಜಯಘೋಷ ಮಾಡುತ್ತ ಸರಿದುಹೋದವು.

ಸದ್ದಡಗಿತು. ಇಬ್ಬರೂ ಬಂಡೆಯ ಮೇಲೆ ಕೂತರು. ಚೆನ್ಸಾ ಬೂಟು ಕಳಚಿ, ಬುಟ್ಟಿಯಿಂದ ಎಗರಿಸಿದ್ದ ರೊಟ್ಟಿಯನ್ನು ಮುರಿದು ಅರ್ಧ ಕೊಟ್ಟಳು. ಸೂರ್ಯ ಯಾರ ಪಕ್ಷಕ್ಕೂ ವಾಲದೆ ನೇರವಾಗಿ ಮುಳುಗಿದ. ನೀರೆಲ್ಲ ಏಪ್ರಿಕಾಟ್ ಹಣ್ಣಿನ ಬಣ್ಣವಾಯಿತು. ಸಾಲ್ವುವಿನ ಹೊಟ್ಟೆ, ಮನಸ್ಸು ಎರಡೂ ತುಂಬಿದವು.

"ನೋಡಿದ್ಯಾ, ಕೊನೆಗೂ ಕರ್ಕೊಂಡು ಬಂದೆ" ಎಂದ ಮೀಸೆ ತೀಡುತ್ತ. "ಗೋಡೆ ಹಿಂದೆ ಬಗ್ಗೋ ಉಪಾಯ ಹೊಳೀಬೇಕು ಅಂದ್ರೆ ತಲೆ ಬೇಕು. ಆದ್ರೆ ಒಂದು ಅರ್ಥ ಆಗ್ಲಿಲ್ಲ ಕಣೆ. ಚಹಾ ಅಂಗಡೀಲಿ ನಾನು ಕೇಳಿದಾಗ ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ. ಆ ಎರಡು ಗುಂಪಿಗೂ ಬೆಂಕಿ ಹಚ್ಚಿದ್ದು ಯಾರು?"

"ನಾನು" ಎಂದಳು ಚೆನ್ಸಾ, ಕೇಪರ್ ಅಗಿಯುತ್ತ. "ಪೂಜೆ ಮುಗೀತಿದ್ದ ಹಾಗೆ ನಿನು ಮಾವನ ಹೆಂಡ್ತಿಗೆ ಒಂದು ಮಾತು, ಅಣ್ಣಂಗೆ ಒಂದು ಮಾತು. ಇಪ್ಪತ್ತೈದು ವರ್ಷ ನಿಮ್ಮನ್ನ ನೋಡಿದೀನಲ್ಲ. ಜಗಳಕ್ಕೆ ಅಂದ್ರೆ ಈ ಊರು ಬಸ್ಸು ತರತ್ತೆ. ಪ್ರೀತಿಗೆ ಅಂದ್ರೆ ನೀವು ನಕ್ಷೆ ತರ್ತೀರ."

ಸಾಲ್ವುವಿನ ಮೀಸೆಯ ಮೇಲಿದ್ದ ಕೈ ಅಲ್ಲೇ ನಿಂತಿತು. ಖಾಲಿ ಓಣಿಯತ್ತ ತಿರುಗಿ ಕೇಳಿದ: "ಮತ್ತೆ… ಮನೆಗೆ?"

"ಎಂಟು ಕಿಲೋಮೀಟರು. ನಡ್ಕೊಂಡು." ಅವಳು ತನ್ನ ಬೂಟನ್ನೂ ಅವನ ಕೈಗೇ ಕೊಟ್ಟು, ಬರಿಗಾಲಲ್ಲಿ ಹಾಯಾಗಿ ಮುಂದೆ ಹೊರಟಳು. "ಮುಂದಿನ ವರ್ಷ ಸಿಸಿಲಿ. ನೀವೇನೂ ಯೋಚನೆ ಮಾಡ್ಬೇಡಿ. ಹಡಗಲ್ಲಿ ಯಾವ ಸಂತರ ಕಡೆಯೋರು ಮೂತೀಲಿ ಕೂರ್ಬೇಕು, ಯಾವ ಕಡೆಯೋರು ಬಾಲದಲ್ಲಿ ಅಂತ ನಾಳೆ ಬೆಳಿಗ್ಗೆ ಅಣ್ಣನ್ನ ಒಂದು ಮಾತು ಕೇಳಿ ನೋಡ್ತೀನಿ, ಸಾಕು."