ಸ್ಪೇಸ್ ಬಾರ್ ಒತ್ತಿ ಕಟ್ಟಿದ ಕುರಿಹಟ್ಟಿ

ಪದವಿ ಪಡೆದವನಿಗೆ ಎಲ್ಲವೂ ಗೊತ್ತಿರುತ್ತದೆ ಎಂದು ಊರಿನವರು ನಂಬಿದರೆ ತಪ್ಪಲ್ಲ. ಆ ನಂಬಿಕೆ ಪದವಿ ಪಡೆದವನಿಗೇ ಬಂದುಬಿಟ್ಟರೆ ಮಾತ್ರ ಕಷ್ಟ. ನನಗೆ ಬಂದಿತ್ತು. ನಮ್ಮ ಮನೆತನದಲ್ಲಿ ಹೆಸರಿನ ಮುಂದೆ ಬಿ.ಎ. ಎಂದು ಬರೆದುಕೊಳ್ಳುವವನು ನಾನೊಬ್ಬನೇ. ನಾನು ಶಿಕಾರಿಪುರದ ಕಾಲೇಜಿಗೆ ಬಸ್ಸು ಹತ್ತುತ್ತಿದ್ದ ಅಷ್ಟೂ ವರ್ಷ ನನ್ನ ಪಾಲಿನ ಕುರಿಗಳನ್ನೂ ದೊಡ್ಡಪ್ಪನೇ ಕಾಯ್ದ. ಹಾಗಾಗಿ ಆ ಎರಡಕ್ಷರದಲ್ಲಿ ಒಂದು ಅವನದೇ.

ಈಗ ನಾನು ಉಡುತಡಿ ಕಡೆಯ ನಮ್ಮ ಕುರಿ ಸಾಕುವವರ ಸಂಘಕ್ಕೆ ಕಾರ್ಯದರ್ಶಿ. ಬಕ್ರೀದ್ ಹತ್ತಿರ ಬಂದಾಗ, ಮಾರಾಟಕ್ಕಿರುವ ಟಗರುಗಳ ವಿವರವನ್ನು ವೆಬ್ ಪುಟದಲ್ಲಿ ಹಾಕಿದರೆ ವ್ಯಾಪಾರಿಗಳು ಮೊಬೈಲಿನಲ್ಲಿ ನೋಡಿಕೊಂಡು ತಾವೇ ಬರುತ್ತಾರೆ ಎಂದು ಸಭೆಯಲ್ಲಿ ಎದ್ದು ನಿಂತು ಹೇಳಿದವನೂ ನಾನೇ. ದೊಡ್ಡಪ್ಪ ಹುರುಳಿ ತಿನ್ನಿಸಿ ಬೆಳೆಸಿದ್ದ ತನ್ನ ಟಗರಿನ ಕೊರಳು ತಟ್ಟಿ, "ಈ ಸಲ ಸಂತಿಗೆ ಹೊಡಕೊಂಡು ಹೋಗಂಗಿಲ್ಲ. ನಮ್ ಹುಡುಗ ಕಂಪ್ಯೂಟರ್‌ನಾಗೇ ಮಾರ್ತಾನ" ಎಂದು ಊರಿಗೆಲ್ಲ ಸಾರಿದ.

ವರ್ಡ್‌ನಲ್ಲಿ ಟೈಪ್ ಮಾಡಲು ನನಗೆ ಬರುತ್ತದೆ. ಎಡಗಡೆ ಒಬ್ಬರ ಹೆಸರು, ಅದರ ಕೆಳಗೆ ಅವರ ಟಗರಿನ ವಿವರ, ಬಲಗಡೆ ಇನ್ನೊಬ್ಬರದು. ನಡುವಿನ ಜಾಗಕ್ಕೆ ಸ್ಪೇಸ್ ಬಾರ್. ಹಟ್ಟಿಗೆ ಬೇಲಿ ಕಟ್ಟಿದ ಹಾಗೆ ಒತ್ತಿ ಒತ್ತಿ ಎಲ್ಲರನ್ನೂ ಅವರವರ ಜಾಗದಲ್ಲಿ ನಿಲ್ಲಿಸಿದೆ. ಕೊನೆಯ ಸಾಲಿನ ಎಡಗಡೆ 'ಮಾರಾಟಕ್ಕಿದೆ' ಎಂದು ಬರೆದು, ಅಲ್ಲಿಂದ ಬಲಮೂಲೆಯವರೆಗೂ ನೂಕಿಕೊಂಡು ಹೋಗಿ ನನ್ನ ಹೆಸರು ಹಾಕಿದೆ. ಪ್ರಿಂಟ್ ತೆಗೆದರೆ ಮದುವೆ ಪತ್ರಿಕೆಯಷ್ಟು ಚೆಂದ!

ಆನವಟ್ಟಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಮಂಜಣ್ಣ ಅದನ್ನು ವೆಬ್ ಪುಟವಾಗಿ ಬದಲಿಸಿ ಹಾಕಿದರು. ಎಷ್ಟು ಸಲ ಸ್ಪೇಸ್ ಬಾರ್ ಒತ್ತಿದ್ದರೂ ವೆಬ್ ಪುಟ ಒಂದೇ ಒಂದು ಜಾಗ ಬಿಡುತ್ತದಂತೆ. ಬೇಲಿಯೆಲ್ಲ ಬಿದ್ದು ಹೆಸರೂ ಕುರಿಯೂ ಒಂದರೊಳಗೊಂದು ನುಗ್ಗಿದ್ದವು. ದೊಡ್ಡಪ್ಪನ ಟಗರು ಪಕ್ಕದ ಮನೆಯ ಹಾಲಪ್ಪನ ಪಾಲಾಗಿತ್ತು. ಹಾಲಪ್ಪನ ಕುಂಟು ಟಗರು ದೊಡ್ಡಪ್ಪನ ಹೆಸರಿಗೆ ಅಂಟಿಕೊಂಡಿತ್ತು.

"ನೋಡಿ ಹಾಕಬಾರದಿತ್ತಾ ಮಂಜಣ್ಣ?"

"ನೀವು ಬಿ.ಎ. ಮಾಡಿದೋರು, ಏನೋ ಲೆಕ್ಕ ಇಟ್ಕಂಡೇ ಮಾಡಿರ್ತೀರಿ ಅಂತ ನಾ ಮುಟ್ಲಿಲ್ಲ ಮಾರಾಯ್ರೆ. ಟೇಬಲ್ ಹಾಕಿ ಮೊದಲಿಂದ ಟೈಪ್ ಮಾಡ್ಕಂಡು ಬನ್ನಿ."

ಅಷ್ಟರಲ್ಲಿ ಶಿಕಾರಿಪುರದ ವ್ಯಾಪಾರಿ ಕರೀಂ ಸಾಹೇಬರ ಫೋನು. "ಏನ್ರೀ ಸೆಕ್ರೆಟ್ರೀ, ನಿಮ್ ದೊಡ್ಡಪ್ಪಾರ ಟಗರು ನೋಡಾಕ ಬರಬೇಕಂತಿದ್ದೆ. ಕುಂಟು ಅಂತ ಬರ್ದೀರಲ್ಲ! ಹಬ್ಬಕ್ಕ ಕುಂಟು ನಡಿಯಂಗಿಲ್ರೀ."

"ಟಗರು ಕುಂಟಲ್ಲ ಸಾಹೇಬ್ರೇ, ನನ್ನ ಫೈಲು ಕುಂಟು."

"ಹಂಗಾದ್ರ ಕೊನೇ ಸಾಲಿನಾಗ 'ಮಾರಾಟಕ್ಕಿದೆ' ಅಂದು ನಿಮ್ ಹೆಸರೂ ಹಾಕೀರಲ್ಲ, ಅದೂ ಫೈಲಿನ ಕುಂಟೇನು?"

ನಾನು ಫೋನಿಟ್ಟೆ. ಪಕ್ಕದಲ್ಲೇ ಇದ್ದ ದೊಡ್ಡಪ್ಪ ಎಲ್ಲ ಕೇಳಿಸಿಕೊಂಡು ಎದ್ದ. ಟಗರಿಗೆ ಹಗ್ಗ ಹಾಕಿ ಶಿಕಾರಿಪುರಕ್ಕೆ ಕರೆದೊಯ್ದು, ಸಾಹೇಬರ ಅಂಗಡಿಯ ಮುಂದೆ ಅತ್ತಿಂದಿತ್ತ ನಡೆಸಿ ತೋರಿಸಿ, ಸಂಜೆ ಬರೀ ಹಗ್ಗ ಹಿಡಿದುಕೊಂಡು ಮನೆಗೆ ಬಂದ. "ಕೊಟ್ಟೆ ಮಗಾ," ಎಂದ, "ಪಾಪ, ನಿನ್ ಕಂಪ್ಯೂಟರ್ ಬಗ್ಗೆನೂ ಅವರು ಭಾಳ ವಿಚಾರಿಸಿದ್ರು."

ನಾನು ಟೇಬಲ್ ಹಾಕುವುದು ಕಲಿಯುವಷ್ಟರಲ್ಲಿ ಹಬ್ಬ ಮುಗಿಯಿತು. ಹಾಲಪ್ಪ ತನ್ನ ಕುಂಟು ಟಗರನ್ನು ಮಾರುವುದಿಲ್ಲ ಎಂದ, ಉಳಿದವೆಲ್ಲ ಹೋದವು. ಮಂಜಣ್ಣ ಒಂದೊಂದೇ ಹೆಸರು ಅಳಿಸಿದರು. ಈಗ ಪುಟ ತೆರೆದರೆ ಒಂದೇ ಸಾಲು ಕಾಣುತ್ತದೆ: ಮಾರಾಟಕ್ಕಿದೆ ಬೀರೇಶ, ಬಿ.ಎ., ಕಾರ್ಯದರ್ಶಿ.

ಇದುವರೆಗೂ ಒಬ್ಬರೂ ಫೋನ್ ಮಾಡಿಲ್ಲ.