ಮಲಗಿಸುವ ಮಂತ್ರ ಮತ್ತು ವಂದನಾರ್ಪಣೆ

ಶ್ರಾವ್ಯಾ, ಧನುಷ್,

ಕಳೆದ ರಜೆಯಲ್ಲಿ ನೀವಿಬ್ಬರೂ ಚಾವಡಿಯಲ್ಲಿ ಕುಳಿತು, ಹಲವು ಮುಖಗಳ ದಾಳ ಉರುಳಿಸುತ್ತಾ, ಮಂತ್ರವಾದಿ ದಿನಕ್ಕೆ ಎಷ್ಟು ಮಂತ್ರ ಹಾಕಬಹುದು ಎಂದು ಜಗಳವಾಡಿದಿರಿ. ನಾನು ಏನೋ ಹೇಳಹೊರಟರೆ "ಅಜ್ಜೀ, ಇದು ನಿಮಗೆ ಅರ್ಥ ಆಗುದಿಲ್ಲ" ಎಂದಿರಿ. ನಾನು ಸುಮ್ಮನೆ ಒಳಗೆ ಹೋಗಿ ಹಪ್ಪಳ ಕಾಯಿಸಿದೆ. ಎದುರು ಮಾತಾಡುವುದು ನನಗೆ ಈಗಲೂ ಕಷ್ಟ. ಬರೆಯುವುದಕ್ಕೆ ಅಷ್ಟು ನಾಚಿಕೆಯಿಲ್ಲ. ಆದ್ದರಿಂದ ಬರೆದು ತಿಳಿಸುತ್ತಿದ್ದೇನೆ: ನಿಮ್ಮ ಅಜ್ಜಿ ಒಂದು ಕಾಲದಲ್ಲಿ ನಮ್ಮ ಪೆರಾಬೆ ಊರಿನ ಏಕೈಕ ಅಧಿಕೃತ ಮಂತ್ರವಾದಿನಿಯಾಗಿದ್ದಳು. ನಿಯಮಗಳೆಲ್ಲ ಬಾಯಿಪಾಠವಿದ್ದವು. ನಿಯಮ ಮುರಿದದ್ದರಿಂದ ನನಗೆ ಏನೂ ಆಗಲಿಲ್ಲ. ಪಾಲಿಸಿದ್ದರಿಂದಲೇ ಎಡವಟ್ಟಾದದ್ದು!

ನಿಮ್ಮ ಅಪ್ಪ ಆಗ ಎರಡನೇ ಕ್ಲಾಸು. ನಮ್ಮ ಪಕ್ಕದ ಗುಡ್ಡೆಯಲ್ಲಿ ರಬ್ಬರು ಹಾಕಿದ್ದ ಅನ್ನಮ್ಮ ಎಂಬವರು ಕೇರಳದ ಕಡೆಯಿಂದ ಬಂದು ನೆಲೆಸಿದವರು. ಅವರ ತಂಗಿ ಅಮೆರಿಕದಲ್ಲಿ ನರ್ಸು. ಒಂದು ಕ್ರಿಸ್ಮಸ್ಸಿಗೆ ಆಕೆ ಕಳಿಸಿದ ಪಾರ್ಸೆಲಿನಲ್ಲಿ ಚಾಕಲೇಟು, ನಮ್ಮ ಸೆಕೆಗೆ ಒಂದು ಉಣ್ಣೆಯ ಸ್ವೆಟರು, ಮತ್ತೊಂದು ಪೆಟ್ಟಿಗೆ ಇತ್ತು. ಹಾವು ಏಣಿಯ ಆಟವಿರಬೇಕೆಂದು ತೆರೆದರೆ ಹಾವೂ ಇಲ್ಲ, ಏಣಿಯೂ ಇಲ್ಲ. ದಾಳಗಳು ಮತ್ತು ಒಂದು ಇಂಗ್ಲಿಷ್ ಪುಸ್ತಕ!

ಅನ್ನಮ್ಮನ ಮಗಳು ಲಿಸ್ಸಿ ಬಾಲವಾಡಿಯ ಟೀಚರು. ಅವಳು ಒಂದು ವಾರ ಪುಸ್ತಕ ಓದಿ ಆಟ ವಿವರಿಸಿದಳು. ಒಬ್ಬರು ಕತೆ ಹೇಳುವುದು, ಉಳಿದವರು ಆ ಕತೆಯೊಳಗೆ ಒಂದೊಂದು ಪಾತ್ರವಾಗಿ ನಡೆಯುವುದು. ಕತೆ ಹೇಳುವವಳು ಲಿಸ್ಸಿ, ಪಾತ್ರಗಳು ಅಕ್ಕಪಕ್ಕದ ನಾವು ಹೆಂಗಸರು.

"ನನಗೆ ಪುಸ್ತಕದಲ್ಲಿರುವ ಆ ಕೊಡಲಿಯವ ಸಾಕು" ಎಂದರು ಅನ್ನಮ್ಮ. "ಮರ ಕಡಿದು ಕೈಗೆ ಅಭ್ಯಾಸ ಉಂಟು."

ಒಂದೇ ಏಟಿಗೆ ಸಾಯುವ, ಕವಚ ಹಾಕಲಾರದ ಬಡಕಲು ಮಂತ್ರವಾದಿ ಯಾರಿಗೂ ಬೇಡವಾಗಿತ್ತು. ಬೇಡ ಎನ್ನಲು ಬಾರದವಳು ನಾನು. ನನಗೇ ಬಂತು.

ಲಿಸ್ಸಿ ಓದಿ ಹೇಳಿದ ಮಂತ್ರದ ನಿಯಮಗಳು ಹೀಗಿದ್ದವು. ಹೊಸ ಮಂತ್ರವಾದಿಗೆ ದಿನಕ್ಕೆ ಒಂದೇ ಮಂತ್ರ. ಬೆಳಿಗ್ಗೆ ಎದ್ದು ಪುಸ್ತಕ ನೋಡಿ ಕಲಿಯಬೇಕು. ಹಾಕುವಾಗ ಗಟ್ಟಿಯಾಗಿ ಹೇಳಬೇಕು, ಕೈ ಬೀಸಬೇಕು, ಮಂತ್ರಕ್ಕೆ ತಕ್ಕ ವಸ್ತು ಕೈಯಲ್ಲಿರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಒಮ್ಮೆ ಹೇಳಿದ ಮಂತ್ರ ತಲೆಯಿಂದ ಪೂರ್ತಿ ಅಳಿಸಿಹೋಗುತ್ತದೆ. ಒಂದು ನಿದ್ರೆ ಮಾಡಿ ಎದ್ದು ಮತ್ತೆ ಕಲಿಯುವವರೆಗೆ ಬರುವುದಿಲ್ಲ.

ನನ್ನ ಪಾಲಿಗೆ ಬಂದದ್ದು ಮಲಗಿಸುವ ಮಂತ್ರ. ವಸ್ತು ಒಂದು ಚಿಟಿಕೆ ಮರಳು. ಮಾತುಗಳನ್ನು ಲಿಸ್ಸಿಯೇ ಕಟ್ಟಿಕೊಟ್ಟಳು: "ಕಣ್ಣೇ ಭಾರವಾಗು, ರೆಪ್ಪೆಯೇ ಮುಚ್ಚಿಕೋ, ಎದುರಿಗೆ ಇದ್ದವರೆಲ್ಲ ಬಿದ್ದು ಮಲಗಿ!"

ಮೊದಲ ಭಾನುವಾರ ಏಳು ರಾಕ್ಷಸರು ಎದುರಾದರು. ನಾನು ಮಂತ್ರ ಹೇಳಿದೆ.

"ಅಕ್ಕಾ, ನನಗೆ ಕೇಳಲಿಲ್ಲ" ಎಂದಳು ಲಿಸ್ಸಿ. "ರಾಕ್ಷಸರಿಗೂ ಕೇಳಲಿಲ್ಲ."

ಸತ್ತೆ.

ಮುಂದಿನ ಭಾನುವಾರ ಮರಳು ಹಿಡಿದು ಕೂಗಿದ ಕೂಗಿಗೆ ಅಂಗಳದ ನಾಯಿ ಎದ್ದು ಓಡಿತು. ಏಳು ರಾಕ್ಷಸರೂ ಮಲಗಿದರು! ಅನ್ನಮ್ಮ ಕೊಡಲಿಯಿಂದ ಉಳಿದ ಕೆಲಸ ಮುಗಿಸಿದರು. ಮಕ್ಕಳೇ, ಗಂಡನ ಎದುರು ಕೂಡ ಅರ್ಧ ಸ್ವರದಲ್ಲಿ ಮಾತಾಡುತ್ತಿದ್ದ ನಾನು ಮುಷ್ಟಿಯಲ್ಲಿ ಮರಳಿದ್ದರೆ ಸಿಂಹಿಣಿ ಎಂದು ಅಂದು ನನಗೆ ಗೊತ್ತಾಯಿತು.

ಆ ಧೈರ್ಯದಲ್ಲೇ ಇದ್ದಾಗ ಮಹಿಳಾ ಮಂಡಲದ ವಾರ್ಷಿಕೋತ್ಸವ ಬಂತು. ನಮ್ಮಲ್ಲಿ ಹನ್ನೊಂದು ಹೆಂಗಸರಿಗೆ ಒಂದೇ ಹೊಲಿಗೆ ಮೆಷಿನು. ಒಬ್ಬಳು ರವಿಕೆಯ ತೋಳು ಹೊಲಿಯುವಷ್ಟರಲ್ಲಿ ಇನ್ನೊಬ್ಬಳ ಮಗು ಬೆಳೆದು ಅಂಗಿ ಗಿಡ್ಡವಾಗುತ್ತಿತ್ತು. ಪುತ್ತೂರಿನಿಂದ ಬರುವ ಆಫೀಸರು ಮನಸ್ಸು ಮಾಡಿದರೆ ಎರಡನೇ ಮೆಷಿನು ಸಿಗುತ್ತಿತ್ತು.

"ನೇರ ಕೇಳಿದರೆ ಮರ್ಯಾದೆ ಅಲ್ಲ" ಎಂದರು ಅಧ್ಯಕ್ಷೆ ಕಮಲಕ್ಕ. "ವಂದನಾರ್ಪಣೆಯ ನಡುವೆ ನಯವಾಗಿ ಸೇರಿಸಬೇಕು. ಯಾರು ಹೇಳ್ತೀರಿ?"

ನಾನು ಕೈ ಎತ್ತಿದೆ! ಕಮಲಕ್ಕ ಹಿಂತಿರುಗಿ ನೋಡಿದರು, ನನ್ನ ಹಿಂದೆ ಇನ್ಯಾರಾದರೂ ಇದ್ದಾರೋ ಎಂದು.

ವಂದನಾರ್ಪಣೆಯೂ ಒಂದು ಮಂತ್ರವೇ ಎಂಬುದು ನನ್ನ ಸಿದ್ಧಾಂತವಾಗಿತ್ತು. ಎಂಟು ವಾಕ್ಯ ಬರೆದೆ. ಐದನೆಯದರಲ್ಲಿ ಮೆಷಿನು ಇತ್ತು. ಅಂದು ಬೆಳಿಗ್ಗೆ ಎದ್ದು, ನಿಯಮದಂತೆ, ಮನಸ್ಸಿನಲ್ಲೇ ಕಲಿತು ತಲೆಯಲ್ಲಿ ಭದ್ರವಾಗಿಟ್ಟುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ.

ತಿಂಡಿಯ ಹೊತ್ತಿಗೆ ನಿಮ್ಮ ಅಜ್ಜ ಕೇಳಿದರು, "ಎಲ್ಲಿ, ಒಮ್ಮೆ ಹೇಳು ನೋಡುವಾ."

"ಈಗ ಹೇಳಿದರೆ ಖಾಲಿ ಆಗ್ತದೆ."

"ಎಂತ ಖಾಲಿ? ಮಾತು ಎಂತ ಚಾಯದ ಹಂಡೆಯಾ? ಹೇಳು ಮಾರಾಯ್ತಿ. ಅಲ್ಲಿ ತಡವರಿಸಿದರೆ ಊರಿಗೆಲ್ಲ ನಗೆ."

ಮೂರು ಸಲ ಬೇಡವೆಂದೆ. ನಾಲ್ಕನೇ ಸಲಕ್ಕೆ ಸೋತು ಹೇಳಿಬಿಟ್ಟೆ. ಎಂಟೂ ವಾಕ್ಯ, ಒಂದಕ್ಷರ ತಪ್ಪಿಲ್ಲ! ಅಜ್ಜ ದೋಸೆ ಬಿಟ್ಟು ಚಪ್ಪಾಳೆ ತಟ್ಟಿದರು. ಪಾತ್ರೆ ತೊಳೆಯುತ್ತಾ ಪರೀಕ್ಷಿಸಿ ನೋಡಿದೆ. ಮೊದಲ ಸಾಲೇ ಬರಲಿಲ್ಲ. ನಿಯಮವೆಂದರೆ ನಿಯಮ!

ಪರಿಹಾರವೂ ನಿಯಮದಲ್ಲೇ ಇತ್ತು: ನಿದ್ರೆ ಮಾಡಿ ಎದ್ದು ಮತ್ತೆ ಕಲಿಯುವುದು. ಕಾರ್ಯಕ್ರಮ ಮೂರು ಗಂಟೆಗೆ, ಶಾಲೆಯಲ್ಲಿ. ಊಟ ಮಾಡಿ, ಚೀಟಿಯನ್ನು ದಿಂಬಿನ ಅಡಿಯಲ್ಲಿಟ್ಟು, ಅರ್ಧ ಗಂಟೆಯ ಅಧಿಕೃತ ನಿದ್ರೆಗೆ ಮಲಗಿದೆ.

"ಮೋಳೇ! ಎಂತ ನೀನು ಮಲಗಿದ್ದು? ಅಲ್ಲಿ ಆಫೀಸರ ಭಾಷಣ ಮುಗಿಲಿಕ್ಕಾಯ್ತು!" ಎಂದು, ನನ್ನನ್ನು ಮಲಯಾಳದಲ್ಲಿ ಮಗಳೇ ಎಂದೇ ಕರೆಯುತ್ತಿದ್ದ ಅನ್ನಮ್ಮ ಕಿಟಕಿಯಲ್ಲಿ ಕೂಗಿದಾಗ ಎಚ್ಚರವಾಯಿತು. ಗಂಟೆ ನಾಲ್ಕೂವರೆ! ಸೀರೆ ಸುತ್ತಿಕೊಂಡು ಓಡಿದೆ. ಚೀಟಿ ದಿಂಬಿನ ಅಡಿಯಲ್ಲೇ ಉಳಿಯಿತು. ಧೈರ್ಯಕ್ಕಿರಲಿ ಎಂದು ಶಾಲೆಯ ಅಂಗಳದಲ್ಲಿ ಒಂದು ಹಿಡಿ ಮರಳು ಮಾತ್ರ ಮರೆಯದೆ ತೆಗೆದುಕೊಂಡೆ.

ಆಫೀಸರ ನಂತರ ಇನ್ನೂ ಇಬ್ಬರು ಮಾತಾಡಿದರು. ಸಭೆ ಅಷ್ಟರಲ್ಲಿ ಅರ್ಧ ತೂಕಡಿಸುತ್ತಿತ್ತು. ಆಫೀಸರು ಕುರ್ಚಿಯಲ್ಲಿ ಕತ್ತು ಹಿಂದಕ್ಕೆ ಚಾಚಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಕಮಲಕ್ಕ ನನ್ನ ಹೆಸರು ಕರೆದರು.

ಮೈಕಿನ ಮುಂದೆ ನಿಂತೆ. ತಲೆಯೊಳಗೆ ಹುಡುಕಿದೆ. ಗುಡಿಸಿ ಸಾರಿಸಿದ ಅಂಗಳದಂತೆ ಖಾಲಿ! ಐದನೇ ವಾಕ್ಯವಿಲ್ಲ. ಮೆಷಿನಿಲ್ಲ. "ಮಾನ್ಯರೇ" ಕೂಡ ಇಲ್ಲ. ಆದರೆ ಮುಷ್ಟಿಯಲ್ಲಿ ಮರಳಿತ್ತು. ಮರಳಿಗೆ ಗೊತ್ತಿದ್ದದ್ದು ಒಂದೇ ಮಂತ್ರ.

"ಕಣ್ಣೇ ಭಾರವಾಗು! ರೆಪ್ಪೆಯೇ ಮುಚ್ಚಿಕೋ! ಎದುರಿಗೆ ಇದ್ದವರೆಲ್ಲ ಬಿದ್ದು ಮಲಗಿ!"

ಕೈಯೂ ತಾನಾಗಿ ಬೀಸಿತು. ಒಂದು ಹಿಡಿ ಮರಳು ಪಕ್ಕದಲ್ಲಿದ್ದ ಆಫೀಸರ ತೆರೆದ ಬಾಯಿ, ಮೂಗು, ಕನ್ನಡಕ ಎಲ್ಲದರ ಮೇಲೆ ಸಮನಾಗಿ ಬಿತ್ತು. ಅವರು ಸೀನುತ್ತಾ ಎದ್ದರು. ಎದುರಿದ್ದವರೆಲ್ಲ ಬೆಚ್ಚಿ ಎದ್ದರು. ಮಲಗಿಸುವ ಮಂತ್ರದಿಂದ ಒಂದಿಡೀ ಸಭೆಯನ್ನು ಎಬ್ಬಿಸಿದವಳು ನಾನೊಬ್ಬಳೇ!

"ಎಂತ ಇದು? ಎಂತ ಹೇಳಿದ್ದು ಇವರು?" ಎಂದು ಆಫೀಸರು ಕಣ್ಣುಜ್ಜುತ್ತಾ ಕೇಳಿದರು. ಕಮಲಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮೆಷಿನು ಹೋಯಿತೆಂದು ನಾನು ಕಂಬದ ಹಿಂದೆ ಸರಿದೆ.

ಆಗ ಹಿಂದಿನ ಸಾಲಿನಿಂದ ಅನ್ನಮ್ಮ ಎದ್ದರು, ರಾಕ್ಷಸರ ಮೇಲೆ ಕೊಡಲಿ ಎತ್ತುವ ಅದೇ ಸ್ವರದಲ್ಲಿ: "ಸಾರೇ, ಅವಳು ಹೇಳಿದ್ದು ಎಂತ ಅಂದ್ರೆ, ನಮಗೆ ಇನ್ನೊಂದು ಹೊಲಿಗೆ ಮೆಷಿನು ಬೇಕು! ಇರುದು ಒಂದೇ. ಕೊಡ್ಲಿಕ್ಕೆ ಆಗ್ತದಾ, ಇಲ್ಲವಾ?"

"ಆಗ್ತದೆ, ಆಗ್ತದೆ" ಎಂದರು ಆಫೀಸರು, ಇನ್ನೊಂದು ಹಿಡಿ ಬಂದೀತೆಂದು ಕನ್ನಡಕ ಕಿಸೆಗೆ ಹಾಕಿಕೊಳ್ಳುತ್ತಾ.

ಮುಂದಿನ ತಿಂಗಳು ಮೆಷಿನು ಪುತ್ತೂರಿನ ಬಸ್ಸಿನ ಟಾಪಿನಲ್ಲಿ ಬಂತು. ಮಂತ್ರದಿಂದಲ್ಲ, ಬಾಯಿಬಿಟ್ಟು ಕೇಳಿದ್ದರಿಂದ. ಅಂದು ಆಫೀಸರ ಜೀಪು ಶಾಲೆಯ ಗೇಟು ದಾಟುವಷ್ಟರಲ್ಲಿ ನನಗೆ ಎಂಟು ವಾಕ್ಯಗಳೂ ನೆನಪಾಗಿದ್ದವು. ಈಗಲೂ ಹೋಗಿಲ್ಲ. ಯಾರಿಗಾದರೂ ವಂದನೆ ಅರ್ಪಿಸಬೇಕಿದ್ದರೆ ತಿಳಿಸಿ.

ಊರಿನವರು ನನ್ನನ್ನು ಅಲ್ಲಿಗೇ ಬಿಡಲಿಲ್ಲ. ಅಳುವ ಶಿಶುಗಳನ್ನು ಎತ್ತಿಕೊಂಡು "ಲಲಿತಕ್ಕಾ, ಆ ಮಂತ್ರ ಒಮ್ಮೆ ಹೇಳಿ" ಎಂದು ಬರುತ್ತಿದ್ದರು. ನಾನು ಹೇಳಿದ ಮೇಲೆ ಶಿಶುಗಳು ಇನ್ನೂ ಜೋರಾಗಿ ಅಳುತ್ತಿದ್ದವು. ನಿಮ್ಮ ಅಜ್ಜ ಮಾತ್ರ ಇದ್ದಷ್ಟು ಕಾಲ, ಮಧ್ಯಾಹ್ನ ಊಟ ಮಾಡಿ ಚಾಪೆಗೆ ಒರಗುತ್ತಾ "ಮಂತ್ರ ಹಾಕು ಮಾರಾಯ್ತಿ" ಎನ್ನುತ್ತಿದ್ದರು. "ಕಣ್ಣೇ" ಎನ್ನುವುದರೊಳಗೆ ಗೊರಕೆ ಬರುತ್ತಿತ್ತು.

ಮಕ್ಕಳೇ, ನಿಮ್ಮ ಜಗಳಕ್ಕೆ ನನ್ನ ತೀರ್ಪು: ದಿನಕ್ಕೆ ಒಂದೇ ಮಂತ್ರ. ಅದೂ ಹೆಚ್ಚೇ. ಈ ಹಾಳೆಗಳನ್ನು ಆ ದಾಳಗಳ ಪೆಟ್ಟಿಗೆಯಲ್ಲೇ ಜೋಪಾನವಾಗಿಡಿ. ಓದುತ್ತಾ ಓದುತ್ತಾ ನಿಮಗೆ ಇಲ್ಲಿಗಾಗುವಾಗ ನಿದ್ರೆ ಬಂದಿದ್ದರೆ, ನಲುವತ್ತು ವರ್ಷ ತಡವಾಗಿಯಾದರೂ ಅಜ್ಜಿಯ ಮಂತ್ರ ಫಲಿಸಿತು ಎಂದು ತಿಳಿಯಿರಿ.